ಯಾರೂ ಕೂಗದ ಕೂಗು

ಕೆಲವರಿಗೆ ಪದಬಂಧ, ಕೆಲವರಿಗೆ ಗಾಳ ಹಿಡಿದು ಕೆರೆ ಏರಿಯ ಮೇಲೆ ಕೂರುವುದು, ನನಗೆ ಕರ್ನಲ್ ಬರೆಯುವ ಚಟ. ಹಗಲೆಲ್ಲ ಆಫೀಸಿನಲ್ಲಿ ಇನ್ನಾರದೋ ಸಾಫ್ಟ್‌ವೇರಿಗೆ ತೇಪೆ ಹಾಕಿ ಬಂದು, ರಾತ್ರಿ ಊಟ ಮುಗಿದ ಮೇಲೆ ನನ್ನದೇ ಒಂದು ಪುಟಾಣಿ ಆಪರೇಟಿಂಗ್ ಸಿಸ್ಟಮ್ಮಿನ ಮುಂದೆ ಕೂರುತ್ತೇನೆ. ಅದು ಬೂಟ್ ಆಗುತ್ತದೆ, ಪರದೆಯ ಮೇಲೆ ನಾಲ್ಕು ಅಕ್ಷರ ಮೂಡಿಸುತ್ತದೆ, ಕೀಬೋರ್ಡ್ ಒತ್ತಿದರೆ ಒತ್ತಿದ್ದನ್ನು ತೋರಿಸುತ್ತದೆ. ಅದರಿಂದ ಲೋಕಕ್ಕೆ ನಯಾಪೈಸೆಯ ಉಪಯೋಗವಿಲ್ಲ. "ಇದನ್ನ ಮಾರಕ್ಕಾಗತ್ತಾ ಭಾವ?" ಎಂದು ನನ್ನ ಹೆಂಡತಿಯ ತಮ್ಮ ಒಮ್ಮೆ ಕೇಳಿದ. ಇಲ್ಲ ಎಂದೆ. "ಹೋಗ್ಲಿ, ಯಾರಿಗಾದ್ರೂ ಫ್ರೀಯಾಗಿ ಕೊಟ್ರೆ ತಗೋತಾರಾ?" ಅದೂ ಇಲ್ಲ ಎಂದೆ. ಅಲ್ಲಿಂದಾಚೆಗೆ ಅವನು ಈ ವಿಷಯ ಎತ್ತಿಲ್ಲ.

ಈ ನಿರುಪಯೋಗಿ ಸಾಮ್ರಾಜ್ಯದಲ್ಲೂ ನನಗೆ ಬಲು ಇಷ್ಟವಾದ ಒಂದು ಮೂಲೆಯಿದೆ. ಹುಸಿ ಇಂಟರಪ್ಟುಗಳನ್ನು ವಿಚಾರಿಸಿಕೊಳ್ಳುವ ಜಾಗ ಅದು. ಹೆಚ್ಚೆಂದರೆ ಹತ್ತು ಹದಿನೈದು ಸಾಲು. ಶೆಡ್ಯೂಲರ್ ಬರೆದವರು ಅದರ ಬಗ್ಗೆ ಭಾಷಣ ಮಾಡುತ್ತಾರೆ, ಫೈಲ್ ಸಿಸ್ಟಮ್ ಬರೆದವರು ಪುಸ್ತಕವನ್ನೇ ಬರೆಯುತ್ತಾರೆ. ಇದರ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ಚೆನ್ನಾಗಿ ಬರೆದಿದ್ದರೆ ಅದು ಮಾಡುವ ಕೆಲಸವೇ ಏನೂ ಇಲ್ಲವಲ್ಲ! ಏನೂ ಮಾಡದಿರುವುದನ್ನು ಅಚ್ಚುಕಟ್ಟಾಗಿ ಮಾಡುವುದು ಎಷ್ಟು ಕುಸುರಿಯ ಕೆಲಸ ಎಂಬುದು ಅದಕ್ಕೆ ಕೈಹಾಕಿದವರಿಗೇ ಗೊತ್ತು.

ಇಂಟರಪ್ಟ್ ಎಂದರೇನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಲ್ಲವರು ಈ ಪ್ಯಾರಾ ಹಾರಿಸಿಕೊಳ್ಳಬಹುದು. ಸಿಪಿಯು ತನ್ನ ಪಾಡಿಗೆ ತಾನು ಲೆಕ್ಕ ಮಾಡಿಕೊಂಡಿರುತ್ತದೆ. ಕೀಬೋರ್ಡಿಗೋ ಡಿಸ್ಕಿಗೋ ನೆಟ್‌ವರ್ಕ್ ಕಾರ್ಡಿಗೋ ಅದರಿಂದ ಏನೋ ಆಗಬೇಕಿರುತ್ತದೆ. ಆಗ ಆ ಸಾಧನ ಒಂದು ತಂತಿಯ ವೋಲ್ಟೇಜನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಸಿಪಿಯು ಕೈಯಲ್ಲಿದ್ದ ಸೂಚನೆ ಮುಗಿಸಿ, ಎಲ್ಲಿಗೆ ನಿಲ್ಲಿಸಿದೆ ಎಂದು ಗುರುತು ಹಾಕಿಕೊಂಡು, ಆ ಸಾಧನಕ್ಕೆಂದೇ ಬರೆದಿಟ್ಟ ಹ್ಯಾಂಡ್ಲರ್ ಎಂಬ ಕೋಡಿನ ತುಣುಕನ್ನು ಓಡಿಸಿ, ಬಿಟ್ಟ ಜಾಗಕ್ಕೆ ವಾಪಸು ಬರುತ್ತದೆ. ಅಷ್ಟು ಹೊತ್ತು ತಡೆದು ನಿಂತ ಪ್ರೋಗ್ರಾಮಿಗೆ ಇದ್ಯಾವುದರ ಅರಿವೂ ಇರುವುದಿಲ್ಲ.

ಕೇಳಲು ಸರಳ. ಆದರೆ 1950ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನ ಎಲೆಕ್ಟ್ರಾಲಾಜಿಕಾ ಎಕ್ಸ್1 ಯಂತ್ರಕ್ಕೆ ಇಂಟರಪ್ಟ್ ಅಳವಡಿಸೋಣ ಎಂದು ಲೂಪ್‌ಸ್ಟ್ರಾ, ಸ್ಕೋಲ್ಟೆನ್ ಎಂಬ ಹಾರ್ಡ್‌ವೇರ್ ಗೆಳೆಯರು ಮುಂದೆ ಬಂದಾಗ, ಪ್ರೋಗ್ರಾಮ್ ಬರೆಯಬೇಕಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ ಬೆಚ್ಚಿದ್ದರು. ಎಲ್ಲಿ ಬೇಕಾದರಲ್ಲಿ ತುಂಡಾಗಬಲ್ಲ ಪ್ರೋಗ್ರಾಮು, ಒಮ್ಮೆ ಕೆಟ್ಟದ್ದನ್ನು ಹಾಗೆಯೇ ಮತ್ತೆ ಕೆಡಿಸಿ ನೋಡಲಾಗದ ಯಂತ್ರ. ಇದನ್ನು ಸರಿಯಾಗಿದೆ ಎಂದು ಯಾವ ಧೈರ್ಯದ ಮೇಲೆ ಹೇಳುವುದು? ಕೆಲವು ತಿಂಗಳು ಮೀನಮೇಷ ಎಣಿಸಿ, ಕೊನೆಗೆ ಒಪ್ಪಿ, ಅದನ್ನು ಪಳಗಿಸಿ, 1959ರಲ್ಲಿ ಪಿಎಚ್.ಡಿ. ಪ್ರಬಂಧವನ್ನೂ ಅದರ ಮೇಲೆಯೇ ಬರೆದರು. ಅಷ್ಟು ದೊಡ್ಡವರನ್ನು ನಿದ್ದೆಗೆಡಿಸಿದ್ದು ನಿಜವಾದ ಇಂಟರಪ್ಟು. ಯಾರೂ ಕರೆಯದೆ ಬರುವ ಇಂಟರಪ್ಟಿನ ಕತೆ ಅದಕ್ಕೂ ಒಂದು ಕೈ ಮೇಲು.

ಕತೆಯ ಮುಖ್ಯ ಪಾತ್ರ ಇಂಟೆಲ್ಲಿನ 8259ಎ. ಇಪ್ಪತ್ತೆಂಟು ಕಾಲಿನ ಚಿಪ್. 1981ರ ಐಬಿಎಂ ಪಿಸಿಯಲ್ಲಿ ಒಂದು ಇತ್ತು. 1984ರ ಪಿಸಿ ಎಟಿಯಲ್ಲಿ ಅದರ ಎರಡನೇ ಲೈನಿಗೆ ಇನ್ನೊಂದನ್ನು ಜೋತುಬಿಟ್ಟು ಎರಡು ಮಾಡಿದರು. ಒಂದೊಂದಕ್ಕೂ ಎಂಟು ಲೈನು. ಸೊನ್ನೆಯಲ್ಲಿ ಟೈಮರ್, ಒಂದರಲ್ಲಿ ಕೀಬೋರ್ಡ್, ಆರರಲ್ಲಿ ಫ್ಲಾಪಿ, ಏಳರಲ್ಲಿ ಪ್ರಿಂಟರ್. ನಂಬರ್ ಚಿಕ್ಕದಿದ್ದಷ್ಟೂ ಆದ್ಯತೆ ಹೆಚ್ಚು. ಯಾವ ಲೈನಾದರೂ ಎದ್ದರೆ ಈ ಚಿಪ್ಪು ಸಿಪಿಯುವಿನ ಕಡೆಗಿರುವ ತನ್ನ ಒಂದೇ ಒಂದು ತಂತಿಯನ್ನು ಎತ್ತುತ್ತದೆ. ಸಿಪಿಯು ಪುರುಸೊತ್ತಾದಾಗ "ಕೇಳಿಸಿತು" ಎಂದು ಒಂದು ಪಲ್ಸ್ ಕಳಿಸುತ್ತದೆ. ಚಿಪ್ಪು ಆಗ ತನ್ನ ಎಂಟು ಲೈನುಗಳನ್ನು ನೋಡಿ ಯಾರ ಸರದಿ ಎಂದು ನಿರ್ಧರಿಸುತ್ತದೆ. ಸಿಪಿಯು ಎರಡನೇ ಪಲ್ಸ್ ಕಳಿಸಿದಾಗ ಆ ನಂಬರನ್ನು ಡೇಟಾ ಬಸ್ಸಿನ ಮೇಲೆ ಇಡುತ್ತದೆ.

ಎಡವಟ್ಟಾಗುವುದು ತಂತಿ ಎತ್ತಿದ್ದಕ್ಕೂ ಮೊದಲನೇ ಪಲ್ಸಿಗೂ ನಡುವಿನ ಆ ಕಿರು ಅವಧಿಯಲ್ಲಿ. ಸಾಧನದ ಲೈನು ಎದ್ದದ್ದು ಅಷ್ಟರೊಳಗೆ ಬಿದ್ದುಹೋದರೆ? ಪಕ್ಕದ ತಂತಿಯ ಗದ್ದಲ ಒಂದು ಕ್ಷಣ ಲೈನಿನ ಮೇಲೆ ಹರಿದಿರಬಹುದು, ಅಥವಾ ಸಾಧನವನ್ನು ನಡೆಸುವ ಡ್ರೈವರ್ ಪ್ರೋಗ್ರಾಮು ಅದೇ ಗಳಿಗೆಗೆ ಅದರ ಬಾಯಿ ಮುಚ್ಚಿಸಿರಬಹುದು. ಚಿಪ್ಪು ಈಗ ಎಂಟೂ ಲೈನು ನೋಡುತ್ತದೆ; ಎಲ್ಲವೂ ಮೌನ. ಆದರೆ ಸಿಪಿಯು ಎದುರಿಗೆ ಕೈಯೊಡ್ಡಿ ನಿಂತಿದೆ, ಬಸ್ಸಿನ ಮೇಲೆ ಒಂದು ನಂಬರ್ ಇಡಲೇಬೇಕು. "ಏನಿಲ್ಲ, ಹೋಗು" ಎನ್ನಲು ಆ ಒಪ್ಪಂದದಲ್ಲಿ ದಾರಿಯೇ ಇಲ್ಲ. ಹಾಗಾಗಿ 8259ಎ ಎಲ್ಲಕ್ಕಿಂತ ಕಡಿಮೆ ಆದ್ಯತೆಯ ಏಳನ್ನು ಹೇಳಿಬಿಡುತ್ತದೆ. ಪ್ರಿಂಟರ್ ಹ್ಯಾಂಡ್ಲರ್ ಧಡಕ್ಕನೆ ಎದ್ದು ಪ್ರಿಂಟರಿನ ಹತ್ತಿರ ಓಡುತ್ತದೆ. ಪ್ರಿಂಟರಿಗೆ ಇದರ ಗಂಧವೂ ಇಲ್ಲ.

ಇದನ್ನು ಚಿಪ್ಪಿನ ದೋಷ ಎಂದುಕೊಂಡವರೇ ಹೆಚ್ಚು. ಇಂಟೆಲ್ಲಿನ ಡೇಟಾಶೀಟ್ ಮಾತ್ರ ಇದನ್ನು ಒಂದು ಅನುಕೂಲವೆಂದೇ ಬಣ್ಣಿಸುತ್ತದೆ: ಲೈನುಗಳ ಮೇಲಿನ ಗದ್ದಲವನ್ನು ಪತ್ತೆಹಚ್ಚಲು ಇದು ಉಪಯೋಗಕ್ಕೆ ಬರುತ್ತದಂತೆ. ಮೊದಲ ಸಲ ಓದಿದಾಗ ಇಂಟೆಲ್ಲಿನವರ ಮೊಂಡುಧೈರ್ಯಕ್ಕೆ ನಕ್ಕಿದ್ದೆ. ಈಗ ಅವರ ಕಡೆಗೇ ವಾಲುತ್ತೇನೆ. ಗದ್ದಲವಾದಾಗ ಚಿಪ್ಪು ಸುಮ್ಮನಿದ್ದುಬಿಟ್ಟಿದ್ದರೆ ಬೋರ್ಡಿನಲ್ಲಿ ಎಲ್ಲೋ ಬೆಸುಗೆ ಬಿಟ್ಟಿದೆ ಎಂದು ನಮಗೆ ತಿಳಿಯುತ್ತಿದ್ದುದಾದರೂ ಹೇಗೆ?

ಹಾಗಾದರೆ ಏಳು ಬಂದಾಗ ಅದು ಪ್ರಿಂಟರೋ ಹುಸಿಯೋ ಎಂದು ತಿಳಿಯುವುದು ಹೇಗೆ? ಚಿಪ್ಪಿನೊಳಗೆ ಇನ್-ಸರ್ವಿಸ್ ರಿಜಿಸ್ಟರ್ ಎಂಬ ಎಂಟು ಬಿಟ್ಟಿನ ಪಟ್ಟಿಯಿದೆ. ನಿಜವಾದ ಇಂಟರಪ್ಟನ್ನು ಸಿಪಿಯುಗೆ ಒಪ್ಪಿಸುವಾಗ ಚಿಪ್ಪು ಅದರ ಬಿಟ್ಟನ್ನು ಇಲ್ಲಿ ಏರಿಸಿ, "ಇದು ನಡೆಯುತ್ತಿದೆ" ಎಂದು ಬರೆದುಕೊಳ್ಳುತ್ತದೆ. ಹುಸಿಗೆ ಬರೆದುಕೊಳ್ಳುವುದಿಲ್ಲ. ಬಾಯಲ್ಲಿ ಸುಳ್ಳು ಹೇಳಿದರೂ ದಫ್ತರದಲ್ಲಿ ಸುಳ್ಳು ಬರೆಯದ ಗುಮಾಸ್ತ! ಹೆಕ್ಸ್ 20ನೇ ಪೋರ್ಟಿಗೆ ಹೆಕ್ಸ್ 0ಬಿ ಬರೆದು, ಅಲ್ಲಿಂದಲೇ ವಾಪಸು ಓದಿ, ಕೊನೆಯ ಬಿಟ್ ಏರಿದೆಯೇ ಎಂದು ನೋಡಿದರೆ ಮುಗಿಯಿತು. ಏರಿದ್ದರೆ ಪ್ರಿಂಟರು, ಇಲ್ಲದಿದ್ದರೆ ಹುಸಿ.

ಮುಗಿಯಿತು ಎಂದೆನಲ್ಲ, ಪೂರ್ತಿ ಮುಗಿಯಲಿಲ್ಲ. ಪ್ರಿಂಟರಿನ ನಿಜವಾದ ಹ್ಯಾಂಡ್ಲರ್ ಓಡುತ್ತಿರುವಾಗಲೇ ನಡುವೆ ಒಂದು ಹುಸಿ ಏಳು ಬಂದರೆ? ಬಿಟ್ ಆಗಲೇ ಏರಿರುತ್ತದೆ, ಆದರೆ ಅದು ಮೊದಲಿನವರದ್ದು. ಈ ಕಿರಿಕಿರಿಯನ್ನೂ ಡೇಟಾಶೀಟ್ ಮರೆತಿಲ್ಲ. ಏಳರ ಹ್ಯಾಂಡ್ಲರಿನೊಳಗೆ ಆಗಲೇ ಇದ್ದೇವೆಯೇ ಎಂಬುದನ್ನು ನೀವೇ ನೆನಪಿಟ್ಟುಕೊಳ್ಳಿ ಎನ್ನುತ್ತದೆ. ಒಂದು ಬೈಟಿನ ಗುರುತು ಸಾಕು. ನನ್ನ ಕರ್ನಲ್ಲಿನಲ್ಲಿ ಅದಕ್ಕೆ 'ಒಳಗಿದ್ದಾರೆ' ಎಂದೇ ಹೆಸರಿಟ್ಟಿದ್ದೇನೆ.

ಇನ್ನು ಮುಗಿಸುವ ಮಾತು. ಹ್ಯಾಂಡ್ಲರ್ ಕೆಲಸ ಮುಗಿಸಿದ ಮೇಲೆ ಚಿಪ್ಪಿಗೆ ಇಒಐ, ಅಂದರೆ 'ಇಲ್ಲಿಗಾಯಿತು' ಎಂಬ ಆಜ್ಞೆ ಕೊಡಬೇಕು. ಆಗ ಚಿಪ್ಪು ಬಿಟ್ಟನ್ನು ಇಳಿಸಿ, ತಡೆದಿಟ್ಟ ಕೆಳಗಿನ ಆದ್ಯತೆಯವರಿಗೆ ಬಾಗಿಲು ತೆರೆಯುತ್ತದೆ. ಹುಸಿಗೆ ಇದನ್ನು ಕೊಡಬಾರದು. ಯಾಕೆ ಕೊಡಬಾರದು ಎನ್ನುವುದು ಈ ಕಸುಬಿನಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ಸಾಮಾನ್ಯ ಇಒಐ ಯಾರ ಹೆಸರನ್ನೂ ಹೇಳುವುದಿಲ್ಲ. "ಈಗ ನಡೆಯುತ್ತಿರುವವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮುಗಿಯಿತು" ಎಂದಷ್ಟೇ ಅದರ ಅರ್ಥ. ಫ್ಲಾಪಿಯ ಹ್ಯಾಂಡ್ಲರ್ ಅರ್ಧದಲ್ಲಿದೆ ಎನ್ನಿ, ಅಂದರೆ ಆರನೇ ಬಿಟ್ ಏರಿದೆ. ಆಗ ಐದನೇ ಲೈನು ಮಿಣುಕಿ ಮಾಯವಾಗುತ್ತದೆ, ಹುಸಿ ಏಳು ಬರುತ್ತದೆ. ನಾವು ವಿಚಾರಿಸದೆ ಇಒಐ ಕೊಟ್ಟೆವೋ, ಇಳಿಯುವುದು ಫ್ಲಾಪಿಯ ಬಿಟ್. ಪಾಪ, ಅದರ ಕೆಲಸ ಇನ್ನೂ ಮುಗಿದೇ ಇಲ್ಲ. ಮುಂದಿನ ಫ್ಲಾಪಿ ಇಂಟರಪ್ಟು ಈ ಅರ್ಧಂಬರ್ಧ ಹ್ಯಾಂಡ್ಲರಿನ ಮೇಲೆಯೇ ಬಂದು ಬೀಳಬಹುದು. ಕೆಟ್ಟದ್ದು ಫ್ಲಾಪಿ, ಕೆಡಿಸಿದ್ದು ಹೆಸರಿಲ್ಲದ ಏಳು. ನಡುವೆ ಯಾವ ಸಾಕ್ಷಿಯೂ ಉಳಿದಿರುವುದಿಲ್ಲ.

ನನ್ನ ಅಜ್ಜಿ ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಲು ಬಿಡುತ್ತಿರಲಿಲ್ಲ. "ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ ಮಗ. ಅದಾದ್ರೆ ಒಂದೇ ಸಲ" ಎನ್ನುತ್ತಿದ್ದಳು. ಅದು ಎಂದರೆ ಯಾವುದು ಎಂದು ಹೆಸರು ಹೇಳುತ್ತಿರಲಿಲ್ಲ, ಹೇಳಿದರೆ ಅದಕ್ಕೆ ಕೇಳಿಸುತ್ತದಂತೆ. ಕೂಗು ಕೇಳಿಸಲಿಲ್ಲ ಎಂದು ಅವಳೇನೂ ನಟಿಸುತ್ತಿರಲಿಲ್ಲ. ಎದ್ದು ಕೂರುತ್ತಿದ್ದಳು, ಕಿವಿಗೊಡುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. 8259ಎಗೆ ಹ್ಯಾಂಡ್ಲರ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕೈಪಿಡಿಯಲ್ಲೂ ನನಗೆ ಸಿಕ್ಕಿಲ್ಲ.

ಎರಡನೇ ಚಿಪ್ಪಿನ ವಿಷಯಕ್ಕೆ ಬಂದರೆ ಇನ್ನೂ ಒಂದು ಸ್ವಾರಸ್ಯವಿದೆ. ಅದರ ಹುಸಿಯೂ ಅದರ ಏಳನೇ ಲೈನಿನ ಹೆಸರಲ್ಲೇ ಬರುತ್ತದೆ. ಎರಡೂ ಚಿಪ್ಪಿನ ಲೈನುಗಳನ್ನು ಸಾಲಾಗಿ ಎಣಿಸುವ ಪಿಸಿಯ ಲೆಕ್ಕದಲ್ಲಿ ಅದು ಐಆರ್‌ಕ್ಯೂ 15. ಎರಡನೇ ಚಿಪ್ಪಿನ ಮಟ್ಟಿಗೆ ಏನೂ ನಡೆದಿಲ್ಲ. ಆದರೆ ಅದರ ತಂತಿ ಎದ್ದದ್ದನ್ನು ಮೊದಲನೇ ಚಿಪ್ಪು ಕಂಡಿದೆ, ನಂಬಿದೆ, ತನ್ನ ಎರಡನೇ ಬಿಟ್ಟನ್ನು ಏರಿಸಿಯೂ ಆಗಿದೆ. ಹಾಗಾಗಿ ಮೊದಲನೆಯದಕ್ಕೆ ಇಒಐ ಕೊಡಲೇಬೇಕು, ಎರಡನೆಯದಕ್ಕೆ ಕೊಡಕೂಡದು. ಇಬ್ಬರಿಗೂ ಕೊಟ್ಟರೆ ಒಂದು ತಪ್ಪು, ಇಬ್ಬರಿಗೂ ಕೊಡದಿದ್ದರೆ ಇನ್ನೊಂದು. ಕೊಡದಿದ್ದರೆ ಎರಡನೇ ಚಿಪ್ಪಿನ ಎಂಟೂ ಲೈನು ಅಲ್ಲಿಗೇ ಕಿವುಡು. ಈ ಅರ್ಧ ಉತ್ತರದ ಮೂರು ಸಾಲನ್ನು ಬರೆಯುವಾಗ ಆಗುವ ಸುಖವನ್ನು ಬೇರೆಯವರಿಗೆ ವಿವರಿಸಲು ಹೋಗಿ ಎಷ್ಟೋ ಸಲ ಮಾತು ಸೋತಿದ್ದೇನೆ.

ಲಿನಕ್ಸಿನವರು ಇದನ್ನೇ ಬೇರೆ ರೀತಿ ಬಗೆಹರಿಸಿದ್ದಾರೆ. ಅವರು ಕೊಡುವುದು ಹೆಸರು ಹೇಳುವ ಇಒಐ: ಹೆಕ್ಸ್ 60ಕ್ಕೆ ಲೈನಿನ ನಂಬರ್ ಕೂಡಿಸಿ, "ಏಳು ಮುಗಿಯಿತು" ಎಂದೇ ಹೇಳುತ್ತಾರೆ. ಏರದ ಬಿಟ್ಟನ್ನು ಇಳಿಸಿದರೆ ಯಾರಿಗೂ ನಷ್ಟವಿಲ್ಲ. ಜೊತೆಗೆ ಪ್ರತಿ ಸಲವೂ ರಿಜಿಸ್ಟರ್ ಓದುವ ಗೋಜಿಗೂ ಹೋಗುವುದಿಲ್ಲ, ಏಕೆಂದರೆ ಹಳೆಯ ಬಸ್ಸಿನ ಮೇಲೆ ಆ ಓದು ನಿಧಾನ. ಲಿನಕ್ಸ್ ತಾನೇ ಬಾಯಿ ಮುಚ್ಚಿಸಿಟ್ಟ ಲೈನಿನಿಂದ ಸದ್ದು ಬಂದಾಗ ಮಾತ್ರ ಅನುಮಾನಪಟ್ಟು ಓದುತ್ತದೆ. ಹುಸಿ ಎಂದು ಖಾತ್ರಿಯಾದರೆ ಆ ಲೈನಿನ ಬಗ್ಗೆ ಒಂದೇ ಒಂದು ಸಲ ಲಾಗಿನಲ್ಲಿ ಬರೆದು, ಆಮೇಲೆ ಎಣಿಸುತ್ತ ಹೋಗುತ್ತದೆ. ಲಿನಕ್ಸ್ ಯಂತ್ರದಲ್ಲಿ ಇಂಟರಪ್ಟುಗಳ ಪಟ್ಟಿ ತೆಗೆದರೆ ಕೆಳಗೆ 'ಇಆರ್‌ಆರ್' ಎಂಬ ಸಾಲು ಕಾಣುತ್ತದಲ್ಲ, ಆ ಎಣಿಕೆ ಅಲ್ಲಿಗೆ ಸೇರುತ್ತದೆ. ವ್ಯವಹಾರಸ್ಥರ ದಾರಿ ಅದು. ಕೋಟ್ಯಂತರ ಯಂತ್ರ ಓಡಿಸುವವರು ಹಾಗೆಯೇ ಮಾಡಬೇಕು. ನನಗೆ ಓಡಿಸಲು ಇರುವುದು ಒಂದೇ ಯಂತ್ರವಾದ್ದರಿಂದ ನಾನು ಪ್ರತಿ ಸಲವೂ ಕೇಳುತ್ತೇನೆ.

ಆ ಯಂತ್ರ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂದ ಪೆಂಟಿಯಂ ಕಾಲದ ಮದರ್‌ಬೋರ್ಡು. "ಇದಕ್ಕೆ ರ್‍ಯಾಮ್ ಎಲ್ಲೂ ಸಿಗಲ್ಲ ಸಾರ್" ಎಂದು ಎಚ್ಚರಿಸಿ ಬೋರ್ಡ್ ಕೊಟ್ಟ ಅಂಗಡಿಯವರೇ ದುಡ್ಡು ಎಣಿಸಿಕೊಂಡ ಮೇಲೆ ಒಳಗಿನ ಡಬ್ಬಿಯಿಂದ ರ್‍ಯಾಮನ್ನೂ ತೆಗೆದರು, ಬೇರೆ ರೇಟಿಗೆ. ಅಷ್ಟು ಹೊತ್ತಿಗೆ 8259ಎ ಪ್ರತ್ಯೇಕ ಚಿಪ್ಪಾಗಿ ಉಳಿದಿರಲಿಲ್ಲ, ಚಿಪ್‌ಸೆಟ್ಟಿನ ಹೊಟ್ಟೆಯೊಳಗೆ ಸೇರಿಹೋಗಿತ್ತು. ಗುಣ ಮಾತ್ರ ಹುಟ್ಟುಗುಣ. ನಮಗೆ ಬೇಕಾದದ್ದು ಆ ಬೋರ್ಡಿನಲ್ಲಿ ಹಳೆಯ ಕಾರ್ಡುಗಳನ್ನು ಸಿಕ್ಕಿಸುವ ಕರಿಯ ಐಸಾ ಸ್ಲಾಟು.

ಹುಸಿ ಇಂಟರಪ್ಟನ್ನು ಬೇಕೆಂದಾಗ ಬರಿಸುವುದು ಈ ಹವ್ಯಾಸದ ರಸಘಟ್ಟ. ತಾನಾಗಿ ಬರಲಿ ಎಂದು ಕಾದರೆ ವರ್ಷವಾದರೂ ಬರದು, ಬಂದರೂ ನಾವು ಟೀ ಕುಡಿಯಲು ಎದ್ದಾಗ ಬರುತ್ತದೆ. ಐಸಾ ಸ್ಲಾಟಿನಲ್ಲಿ ಬಿ23ನೇ ಕಾಲು ಐಆರ್‌ಕ್ಯೂ 5. ಸೌಂಡ್ ಕಾರ್ಡ್ ಇಲ್ಲದ ಬೋರ್ಡಿನಲ್ಲಿ ಅದು ಖಾಲಿ. ಅದಕ್ಕೆ ಒಂದು ತಂತಿ ಎಳೆದು 5 ವೋಲ್ಟಿನ ಆರ್ಡ್ವಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸೇರಿಸಿದ್ದೇನೆ. ಆರ್ಡ್ವಿನೊ ಲೈನನ್ನು ಮೊದಲು ತಗ್ಗಿಸಿ ಹಿಡಿಯುತ್ತದೆ, ಆಮೇಲೆ ಒಂದು ಕ್ಷಣ ಏರಿಸಿ ಇಳಿಸುತ್ತದೆ. ಆ ಕ್ಷಣ ಎಷ್ಟು ಉದ್ದ ಎಂಬುದು ನನ್ನ ಕೈಯಲ್ಲಿದೆ: 16 ಮೆಗಾಹರ್ಟ್ಸಿನಲ್ಲಿ ಓಡುವ ಆರ್ಡ್ವಿನೊಗೆ ಗಡಿಯಾರದ ಒಂದು ಬಡಿತವೆಂದರೆ 62.5 ನ್ಯಾನೊಸೆಕೆಂಡು. ಕರ್ನಲ್ಲು ಪರದೆಯ ಮೇಲಿನ ಮೂಲೆಯಲ್ಲಿ ಎರಡು ಎಣಿಕೆ ತೋರಿಸುತ್ತಿರುತ್ತದೆ, ಒಂದು ಐದರದ್ದು, ಇನ್ನೊಂದು ಹುಸಿಯದ್ದು.

ಪಲ್ಸ್ ಉದ್ದವಿದ್ದಾಗ ಐದರ ಎಣಿಕೆ ಶಿಸ್ತಾಗಿ ಏರುತ್ತದೆ. ಪಲ್ಸನ್ನು ಕುಗ್ಗಿಸುತ್ತ ಬಂದರೆ ಒಂದು ಹಂತದಲ್ಲಿ ಐದು ತಡವರಿಸುತ್ತದೆ, ಹುಸಿಯ ಎಣಿಕೆಗೆ ಜೀವ ಬರುತ್ತದೆ. ಆ ಗಡಿಯ ಮೇಲೆ ಒಂದು ಸಲ ಅದು, ಒಂದು ಸಲ ಇದು. ಸಿಪಿಯು ಆ ಹೊತ್ತಿಗೆ ಹಿಡಿದಿದ್ದ ಸೂಚನೆ ಚುಟುಕಾಗಿದ್ದರೆ ಇಂಟರಪ್ಟು ನಿಜವಾಗುತ್ತದೆ. ಭಾಗಾಕಾರದಂಥ ಉದ್ದನೆಯ ಸೂಚನೆಯಾಗಿದ್ದರೆ, ಅದು ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಲೈನು ಬಿದ್ದಿರುತ್ತದೆ, ಹುಸಿಯಾಗುತ್ತದೆ. ಇದನ್ನು ತಿಳಿದ ಮೇಲೆ ಕರ್ನಲ್ಲಿನ ಖಾಲಿ ಹೊತ್ತಿನ ಲೂಪಿನಲ್ಲಿ ಬರಿಯ ಭಾಗಾಕಾರಗಳನ್ನು ತುಂಬಿಸಿ, ಗಡಿ ಉದ್ದನೆಯ ಪಲ್ಸಿನ ಕಡೆ ಸರಿಯುವುದನ್ನು ನೋಡುತ್ತ ಕೂರಬಹುದು. ಕೂತಿದ್ದೇನೆ ಕೂಡ. ಯಾರೂ ಕರೆಯದ ಕರೆಯನ್ನು ಹೀಗೆ ಅಂಗೈ ಮೇಲೆ ಹಿಡಿದು ಆಡಿಸುವುದರಲ್ಲಿ ಒಂದು ಪುಂಡತನದ ಖುಷಿಯಿದೆ.

ಒಂದು ಎಚ್ಚರಿಕೆ: ಹ್ಯಾಂಡ್ಲರಿನೊಳಗಿಂದ ಸಂದೇಶ ಮುದ್ರಿಸಬೇಡಿ, ಎಣಿಸಿ. ಸೀರಿಯಲ್ ಪೋರ್ಟು 115200ರ ವೇಗದಲ್ಲಿದ್ದರೂ 60 ಅಕ್ಷರದ ಒಂದು ಸಾಲು ಹೊರಹೋಗಲು 5 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸಿಪಿಯು ಲಕ್ಷಾಂತರ ಸೂಚನೆ ಮುಗಿಸಬಹುದಿತ್ತು. ಹುಸಿಯ ಬಗ್ಗೆ ದೂರು ಬರೆಯುವ ಗಡಿಬಿಡಿಯಲ್ಲಿ ನಿಜವಾದ ಇಂಟರಪ್ಟುಗಳು ಬಾಗಿಲಲ್ಲಿ ನಿಂತು ವಾಪಸು ಹೋಗುತ್ತವೆ.

ಇಷ್ಟು ಹೊತ್ತು ಹೇಳಿದ್ದು ಒಮ್ಮೆ ಕೂಗಿ ಸುಮ್ಮನಾಗುವ ಹುಸಿಯ ಬಗ್ಗೆ. ಕೂಗುತ್ತಲೇ ಇರುವ ಹುಸಿ ಬೇರೆ ಜಾತಿ, ಅದು ನನಗೆ ಅಷ್ಟು ಪ್ರಿಯವೂ ಅಲ್ಲ. ಪಿಸಿಐ ಎಂಬ ಹೊಸ ಬಸ್ಸು ಬಂದ ಮೇಲೆ ಹಲವು ಕಾರ್ಡುಗಳು ಒಂದೇ ಲೈನನ್ನು ಹಂಚಿಕೊಳ್ಳತೊಡಗಿದವು. ಲೈನು ಎದ್ದರೆ ಕರ್ನಲ್ ಒಬ್ಬೊಬ್ಬ ಡ್ರೈವರನ್ನೂ ಸಾಲಾಗಿ ಕೇಳಬೇಕು, "ನಿಮ್ಮದಾ?" ಎಂದು. 2003ರ ಕೊನೆಗೆ ಬಂದ ಲಿನಕ್ಸ್ 2.6ರ ಹೊತ್ತಿಗೆ ಪ್ರತಿ ಡ್ರೈವರೂ ಇದಕ್ಕೆ ಹೌದು ಅಥವಾ ಅಲ್ಲ ಎಂದು ಬಾಯಿಬಿಟ್ಟು ಹೇಳಬೇಕೆಂಬ ನಿಯಮವಾಯಿತು. ಎಲ್ಲರೂ "ನನ್ನದಲ್ಲ" ಎಂದರೆ? ಈ ಲೈನುಗಳು ಮಟ್ಟ ನೋಡಿ ನಡೆಯುವಂಥವು. ಸಾಧನ ಕೈ ಇಳಿಸುವ ತನಕ ಇಂಟರಪ್ಟು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಸಿಪಿಯು ಬಾಗಿಲಿಗೂ ಕುರ್ಚಿಗೂ ಓಡಾಡಿಯೇ ಸುಸ್ತು.

ಲಿನಕ್ಸ್ ಇದಕ್ಕೆ ಇಟ್ಟಿರುವ ತಾಳ್ಮೆಯ ಲೆಕ್ಕ ನೋಡಿ. ಒಂದು ಲೈನಿನ 1 ಲಕ್ಷ ಇಂಟರಪ್ಟುಗಳನ್ನು ಎಣಿಸುತ್ತದೆ. ಅದರಲ್ಲಿ 99,900ಕ್ಕಿಂತ ಹೆಚ್ಚು ವಾರಸುದಾರರಿಲ್ಲದವಾದರೆ ಮಾತ್ರ "ನೋಬಡಿ ಕೇರ್ಡ್" ಎಂದು ಲಾಗಿನಲ್ಲಿ ಬರೆದು ಆ ಲೈನನ್ನೇ ಮುಚ್ಚುತ್ತದೆ. ಅಪರೂಪಕ್ಕೊಂದು ಅನಾಥ ಇಂಟರಪ್ಟು ಬಂದರೆ ಕ್ಷಮೆಯುಂಟು: ಹಿಂದಿನದಕ್ಕೂ ಇದಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಂತರವಿದ್ದರೆ ಅನಾಥರ ಎಣಿಕೆ ಒಂದರಿಂದ ಮತ್ತೆ ಶುರು. ಮುಚ್ಚಿದ ಮೇಲೂ ಪೂರ್ತಿ ಕೈಬಿಡುವುದಿಲ್ಲ, ಸೆಕೆಂಡಿಗೆ ಹತ್ತು ಸಲ ಹೋಗಿ ಆ ಲೈನಿನ ಡ್ರೈವರುಗಳನ್ನು ಮಾತಾಡಿಸಿ ಬರುತ್ತದೆ. ಅದೇ ಲೈನಿನಲ್ಲಿದ್ದ ತಪ್ಪಿಲ್ಲದ ಮೌಸ್ ಸಾಯದೆ ಕುಂಟುತ್ತ ಓಡಾಡುವುದು ಈ ಕೃಪೆಯಿಂದಲೇ. ಆ ಸಂದೇಶ ಕಂಡಾಕ್ಷಣ ಕರ್ನಲ್ಲನ್ನು ಬೈಯುವ ಜನ ಈ ಸಂಖ್ಯೆಗಳನ್ನು ಒಮ್ಮೆ ಓದಬೇಕು. ಇಷ್ಟು ಸಾಕ್ಷ್ಯ ಕೇಳುವ ನ್ಯಾಯಾಧೀಶರು ಎಲ್ಲಿ ಸಿಗುತ್ತಾರೆ?

ಹಂಚಿಕೆಯ ಲೈನಿನಲ್ಲಿ ಹುಟ್ಟುವ ಹುಸಿಗಳಲ್ಲಿ ಒಂದು ಬಗೆ ಮಾತ್ರ ನನಗೆ ತಮಾಷೆಯಾಗಿ ಕಾಣುತ್ತದೆ. ಡ್ರೈವರ್ ತನ್ನ ಕಾರ್ಡಿಗೆ "ಕೇಳಿಸಿತು, ಕೈ ಇಳಿಸು" ಎಂದು ಬರೆಯುತ್ತದೆ. ಆದರೆ ಪಿಸಿಐ ಸೇತುವೆಗಳು ಬರಹಗಳನ್ನು ತಮ್ಮಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಧಾನಕ್ಕೆ ದಾಟಿಸುತ್ತವೆ. ಬರಹ ಇನ್ನೂ ದಾರಿಯಲ್ಲಿರುವಾಗಲೇ ಹ್ಯಾಂಡ್ಲರ್ ಮುಗಿದು ಇಒಐ ತಲುಪಿಬಿಡುತ್ತದೆ. ಲೈನು ಇನ್ನೂ ಎದ್ದೇ ಇದೆ, ಸಿಪಿಯು ಮತ್ತೆ ಬರುತ್ತದೆ. ಅಷ್ಟರಲ್ಲಿ ಬರಹ ತಲುಪಿ ಕಾರ್ಡು ಏನೂ ಗೊತ್ತಿಲ್ಲದವರಂತೆ ಕೂತಿರುತ್ತದೆ. ಇದಕ್ಕೆ ಮದ್ದು ಒಂದು ಸಾಲು: ಬರೆದ ಕೂಡಲೇ ಅದೇ ಕಾರ್ಡಿನಿಂದ ಏನಾದರೂ ಒಂದನ್ನು ಓದಿ ಬಿಸಾಕುವುದು. ಓದು ತನ್ನ ಮುಂದಿರುವ ಬರಹಗಳನ್ನು ಹಿಂದೆ ಹಾಕಿ ಹೋಗುವಂತಿಲ್ಲ ಎಂಬುದು ಪಿಸಿಐ ನಿಯಮ. ಹಾಗಾಗಿ ಓದು ಮುಗಿಯಿತೆಂದರೆ ಬರಹ ತಲುಪಿತು ಎಂದೇ ಅರ್ಥ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರ ಕಣ್ಣು ಮೊದಲು ಬೀಳುವುದು ಈ ಸಾಲಿನ ಮೇಲೆಯೇ. "ಈ ವ್ಯಾಲ್ಯೂನ ಎಲ್ಲೂ ಯೂಸೇ ಮಾಡ್ತಿಲ್ವಲ್ಲ, ತೆಗೆದುಬಿಡ್ಲಾ?" ಅದರ ಮೇಲೆ ಮೂರು ಸಾಲಿನ ಕಾಮೆಂಟ್ ಬರೆದಿಟ್ಟರೆ, ಕಾಮೆಂಟನ್ನೂ ಸೇರಿಸಿ ತೆಗೆಯುವವರಿದ್ದಾರೆ.

8259ಎಯ ಆಮೇಲೆ ಬಂದ ಲೋಕಲ್ ಎಪಿಕ್ ಎಂಬ ಇಂಟರಪ್ಟ್ ನಿಯಂತ್ರಕ ಹುಸಿಗೆ ಪ್ರತ್ಯೇಕ ಮನೆಯನ್ನೇ ಕಟ್ಟಿಕೊಟ್ಟಿತು. ಹುಸಿಗೆಂದೇ ಒಂದು ವೆಕ್ಟರ್ ನಂಬರನ್ನು ನಾವೇ ಆರಿಸಿ, ಅದಕ್ಕೆಂದೇ ಇರುವ ರಿಜಿಸ್ಟರಿನಲ್ಲಿ ಬರೆಯಬಹುದು. ಲಿನಕ್ಸ್ ಕೊನೆಯ ನಂಬರಾದ ಎಫ್‌ಎಫ್ ಅನ್ನು ಆರಿಸಿಕೊಂಡಿದೆ. ಪ್ರಿಂಟರಿನ ಹೆಸರು ಕೆಡಿಸುವ ಪ್ರಶ್ನೆಯಿಲ್ಲ, ಇನ್-ಸರ್ವಿಸ್ ಬಿಟ್ ನೋಡುವ ಅಗತ್ಯವಿಲ್ಲ. ಬಂದದ್ದನ್ನು ಎಣಿಸಿ, ಇಒಐ ಕೊಡದೆ ಹೊರಟರಾಯಿತು. ಸುಖ ಹೆಚ್ಚಾಯಿತು, ಸ್ವಾರಸ್ಯ ಕಡಿಮೆಯಾಯಿತು. ಎಂಐಟಿಯಲ್ಲಿ ಪಾಠಕ್ಕೆಂದು ಬರೆದ ಎಕ್ಸ್‌ವಿ6 ಎಂಬ ಪುಟ್ಟ ಕರ್ನಲ್ಲಿನ ಹಳೆಯ ಪಿಸಿ ಆವೃತ್ತಿ ಇಲ್ಲೂ ಇಒಐ ಕೊಡುತ್ತದೆ. ಅದರ ಹ್ಯಾಂಡ್ಲರುಗಳು ಇಂಟರಪ್ಟುಗಳನ್ನು ತಡೆದಿಟ್ಟುಕೊಂಡೇ ಓಡುವುದರಿಂದ ಹಾನಿಯೇನೂ ಇಲ್ಲ. ಆದರೂ ಆ ಸಾಲು ಬಂದಾಗಲೆಲ್ಲ ನನ್ನ ಕಣ್ಣು ಮುಗ್ಗರಿಸುತ್ತದೆ. ಅದೇ ಫೈಲಿನಲ್ಲಿ, ಬಾಕ್ಸ್ ಎಂಬ ಎಮ್ಯುಲೇಟರು ಎರಡನೇ ಡಿಸ್ಕ್ ಚಾನೆಲ್ಲಿನ ಹೆಸರಲ್ಲಿ ಹುಸಿ ಇಂಟರಪ್ಟು ಕಳಿಸುತ್ತದೆಂದು ಅದಕ್ಕೊಂದು ಖಾಲಿ ಕೇಸ್ ಬಿಟ್ಟಿದ್ದಾರೆ. ಕಬ್ಬಿಣ ಸುಳ್ಳು ಹೇಳುವುದು ಸರಿ. ಕಬ್ಬಿಣದ ವೇಷ ಹಾಕಿದ ಪ್ರೋಗ್ರಾಮೂ ಸುಳ್ಳು ಹೇಳುವುದನ್ನು ಕಂಡು ಬಹಳ ನಕ್ಕೆ.

ಎಪಿಕ್ ಇರುವಾಗ 8259ಎಯ ಕೋಡ್ ಯಾಕೆ, ಅಳಿಸಿಬಿಡಿ ಎನ್ನುವ ಗೆಳೆಯರಿದ್ದಾರೆ. ಅಳಿಸುವಂತಿಲ್ಲ. ಎಂಟೂ ಲೈನುಗಳ ಬಾಯಿ ಮುಚ್ಚಿಸಿದ ಮೇಲೂ, ಮುಚ್ಚಿಸುವ ಆ ಗಳಿಗೆಯಲ್ಲಿ ಎದ್ದಿದ್ದ ಯಾವುದೋ ಲೈನಿನಿಂದ ಒಂದು ಹುಸಿ ಏಳು ತಪ್ಪಿಸಿಕೊಂಡು ಬರಬಹುದು. ಬಯಾಸ್ ಅದಕ್ಕೆ ಕೊಟ್ಟಿರುವ ನಂಬರ್ ಹೆಕ್ಸ್ 0ಎಫ್. ಸೊನ್ನೆಯಿಂದ 31ರವರೆಗಿನ ನಂಬರುಗಳನ್ನು ಇಂಟೆಲ್ ಸಿಪಿಯುವಿನ ಸ್ವಂತ ದೋಷಗಳಿಗೆಂದು ಕಾದಿರಿಸಿದೆ. ಹಾಗಾಗಿ ಬಳಸದ ಚಿಪ್ಪನ್ನೂ ಮೊದಲು ಬೇರೆ ನಂಬರುಗಳಿಗೆ ಎತ್ತಿಟ್ಟು, ಅಲ್ಲಿ ಏನೂ ಮಾಡದ ಹ್ಯಾಂಡ್ಲರೊಂದನ್ನು ಕಾವಲಿಟ್ಟು, ಆಮೇಲೆ ಬಾಯಿ ಮುಚ್ಚಿಸಬೇಕು.

ಇತ್ತೀಚೆಗೆ ನನ್ನ ಕರ್ನಲ್ಲನ್ನು ರಿಸ್ಕ್-ವಿ ಎಂಬ ಬೇರೆ ಬಗೆಯ ಸಿಪಿಯುಗೆ ಒಗ್ಗಿಸುತ್ತಿದ್ದೇನೆ. ಅಲ್ಲಿನ ಇಂಟರಪ್ಟ್ ನಿಯಂತ್ರಕದ ಹೆಸರು ಪ್ಲಿಕ್. ಅದು ನಂಬರನ್ನು ತಾನಾಗಿ ತಂದುಕೊಡುವುದಿಲ್ಲ, ಸಿಪಿಯು ಹೋಗಿ "ಯಾರದ್ದು?" ಎಂದು ಕ್ಲೇಮ್ ರಿಜಿಸ್ಟರನ್ನು ಓದಬೇಕು. ಯಾರದ್ದೂ ಇಲ್ಲದಿದ್ದರೆ ಅದು ಸೊನ್ನೆ ಎನ್ನುತ್ತದೆ. 8259ಎಗೆ ಹೇಳಲು ಬಾರದಿದ್ದ "ಏನಿಲ್ಲ, ಹೋಗು" ಎಂಬ ಮಾತು ಇಲ್ಲಿ ಮೊದಲಿಂದಲೂ ಇದೆ. ಇನ್ನೂ ಮಜದ ಸಂಗತಿಯೆಂದರೆ ಒಂದೇ ಇಂಟರಪ್ಟನ್ನು ಎಲ್ಲ ಕೋರುಗಳಿಗೂ ಸಾರುವಂತೆ ಪ್ಲಿಕ್ಕಿಗೆ ಹೇಳಬಹುದು. ಮೊದಲು ಕೇಳಿದವರಿಗೆ ನಂಬರು, ಮಿಕ್ಕವರಿಗೆ ಸೊನ್ನೆ. ಹುಸಿ ಇಲ್ಲಿ ಅಪಘಾತವಲ್ಲ, ದಿನನಿತ್ಯದ ವ್ಯವಹಾರ. ಎಕ್ಸ್‌ವಿ6ರ ರಿಸ್ಕ್-ವಿ ಆವೃತ್ತಿಯನ್ನು ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಮೂರು ಕೋರುಗಳ ಮೇಲೆ ಓಡಿಸಿ, ಸೊನ್ನೆ ಬಂದ ಕಡೆ ಒಂದು ಎಣಿಕೆ ಸೇರಿಸಿ ನೋಡಿ. ಕೀಬೋರ್ಡಿನಲ್ಲಿ ಒಂದು ಅಕ್ಷರ ಒತ್ತಿದರೆ ಒಂದು ಕೋರಿಗೆ ಸೀರಿಯಲ್ ಪೋರ್ಟಿನ ನಂಬರಾದ 10 ಸಿಗುತ್ತದೆ. ಹುಸಿಯ ಎಣಿಕೆ ಕೆಲವೊಮ್ಮೆ ಎರಡು ಏರುತ್ತದೆ, ಕೆಲವೊಮ್ಮೆ ಒಂದು, ಕೆಲವೊಮ್ಮೆ ಏರುವುದೇ ಇಲ್ಲ. ಯಾವಾಗ ಎಷ್ಟು ಎಂದು ಮೊದಲೇ ಊಹಿಸಿ ಬರೆದಿಟ್ಟು ಒತ್ತುತ್ತ ಹೋಗುವುದು ಸದ್ಯಕ್ಕೆ ನನ್ನ ರಾತ್ರಿಯ ಆಟ.